ಪಾದರಸದ ಹನಿಗೆ ಬಾಳನ್ನೊಪ್ಪಿಸಿದ ವಿಜ್ಞಾನಿ: ಪ್ರೊ. ಹೆಯ್ರೋವ್‌ಸ್ಕಿ

ಕಣ್ಣಿಗೆ ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಾದ ನೀರಲ್ಲ. ಸೀಸವಾಗಲಿ ಕ್ಯಾಡ್ಮಿಯಮ್ ಆಗಲಿ ಅತ್ಯಲ್ಪ ಪ್ರಮಾಣದಲ್ಲಿ ಕರಗಿದ್ದರೆ ನೀರಿಗೆ ಬಣ್ಣವೂ ಬಾರದು, ವಾಸನೆಯೂ ಹುಟ್ಟದು, ನಾಲಗೆಗೆ ರುಚಿಭೇದವೂ ತಿಳಿಯದು. ಆದರೆ ಅಂತಹ ನೀರನ್ನು ದಿನದಿನವೂ ಕುಡಿದವರ ಮೈಯಲ್ಲಿ ವಿಷವು ಸದ್ದಿಲ್ಲದೆ ಕೂಡುತ್ತ ಹೋಗುತ್ತದೆ. ಇಂತಹ ಕಾಣದ ಶತ್ರುವನ್ನು ಪತ್ತೆ ಹಚ್ಚುವುದಕ್ಕಾಗಿ ನಮ್ಮ ಕಾಲದಲ್ಲಿ ನದಿಗಳಿಗೂ ಕೆರೆಗಳಿಗೂ ಕಾರ್ಖಾನೆಗಳ ಕಾಲುವೆಗಳಿಗೂ ವಿದ್ಯುತ್ತಿನಿಂದ ಕೆಲಸ ಮಾಡುವ ಸಣ್ಣ ಉಪಕರಣಗಳನ್ನು ಇಳಿಬಿಡುತ್ತಾರೆ. ಅವು ಹಗಲಿರುಳು ನೀರಿನಲ್ಲಿದ್ದುಕೊಂಡು ಅದರ ಗುಣದೋಷಗಳನ್ನು ವರದಿ ಮಾಡುತ್ತಿರುತ್ತವೆ.

ಈ ಉಪಕರಣಗಳ ಮರ್ಮಸ್ಥಾನವೆಂದರೆ ನೀರಿಗೆ ತಾಗುವ ಒಂದು ಚಿಕ್ಕ ತುದಿ. ಶಾಸ್ತ್ರದಲ್ಲಿ ಅದಕ್ಕೆ ವಿದ್ಯುದ್ವಾರವೆಂದು ಹೆಸರು. ನೀರಿನಲ್ಲಿ ಬಿಟ್ಟ ಕೆಲವೇ ದಿನಗಳಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ, ಜಿಡ್ಡು ಕೂರುತ್ತದೆ, ಕೆಸರು ಅಂಟುತ್ತದೆ. ಆಗ ಉಪಕರಣವು ನಿಂತು ಹೋದರೆ ಬಾಧಕವಿಲ್ಲ, ಕೆಟ್ಟಿದೆಯೆಂದು ತಿಳಿದು ಬದಲಿಸಬಹುದು. ಆದರೆ ಅದು ನಿಲ್ಲದೆ ತಪ್ಪು ಲೆಕ್ಕವನ್ನೇ ಕೊಡುತ್ತ ಹೋಗುತ್ತದೆ. ವಿಷವಿದ್ದಲ್ಲಿ ಇಲ್ಲವೆಂದು ಹೇಳುವ ಅಳತೆಗೋಲಿಗಿಂತ ಅಳತೆಗೋಲೇ ಇಲ್ಲದಿರುವುದು ಲೇಸಲ್ಲವೇ?

ಹೋಟೆಲಿನ ಅಡಿಗೆಮನೆಯನ್ನು ಬಲ್ಲ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದೋಸೆ ಎದ್ದೊಡನೆ ಕಾವಲಿಗೆ ನೀರು ಚಿಮುಕಿಸಿ ಒರೆಸದೆ ಮುಂದಿನ ಹಿಟ್ಟನ್ನು ಹೊಯ್ದರೆ, ಹಿಟ್ಟು ಎಷ್ಟು ಹದವಾಗಿದ್ದರೂ ದೋಸೆ ಕೆಡುತ್ತದೆ. ದೋಷವು ಹಿಟ್ಟಿನದಲ್ಲ, ಕಾವಲಿಯದು. ವಿಜ್ಞಾನದ ಅಳತೆಯಲ್ಲಿಯೂ ಇದೇ ನ್ಯಾಯ. ಅಳೆಯುವ ಮೈ ಪ್ರತಿಸಲವೂ ಹೊಸದಾಗಿರಬೇಕೆಂಬ ಈ ನಿಯಮವನ್ನು ಹಿಡಿದು ಒಂದು ಹೊಸ ಶಾಸ್ತ್ರವನ್ನೇ ಕಟ್ಟಿ, ಅದರ ಸೇವೆಯಲ್ಲಿ 45 ವರ್ಷಗಳನ್ನು ಕಳೆದ ಮಹನೀಯರೇ ಪ್ರಾಗ್ ನಗರದ ಪ್ರೊಫೆಸರ್ ಯಾರೋಸ್ಲಾವ್ ಹೆಯ್ರೋವ್‌ಸ್ಕಿಯವರು.

ಮನೆತನ ಮತ್ತು ವಿದ್ಯಾಭ್ಯಾಸ

ಹೆಯ್ರೋವ್‌ಸ್ಕಿಯವರು 1890ನೆಯ ಇಸವಿ ಡಿಸೆಂಬರ್ 20ರಂದು ಪ್ರಾಗ್ ನಗರದಲ್ಲಿ ಜನಿಸಿದರು. ಆಗ ಆ ನಾಡು ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಅಧೀನದಲ್ಲಿದ್ದಿತು. ತಂದೆ ಲಿಯೋಪೋಲ್ಡ್ ಹೆಯ್ರೋವ್‌ಸ್ಕಿಯವರು ಅಲ್ಲಿಯ ಚೆಕ್ ವಿಶ್ವವಿದ್ಯಾನಿಲಯದಲ್ಲಿ ರೋಮನ್ ಕಾನೂನಿನ ಪ್ರಾಧ್ಯಾಪಕರು, ತಾಯಿ ಕ್ಲಾರಾ. ಯಾರೋಸ್ಲಾವ್ ಈ ದಂಪತಿಗಳ ಐದನೆಯ ಮಗು. ಕಾನೂನು ಪಂಡಿತರ ಮನೆಯಲ್ಲಿ ಹುಟ್ಟಿದರೂ ಬಾಲಕನ ಒಲವು ಪ್ರಕೃತಿ ವಿಜ್ಞಾನದ ಕಡೆಗೆ ಹರಿಯಿತು. 1909ರಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿ ಪ್ರಾಗ್‌ನ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಇವುಗಳ ಅಭ್ಯಾಸಕ್ಕೆ ತೊಡಗಿದರು.

ಒಂದೇ ವರ್ಷ ಕಳೆಯುವಷ್ಟರಲ್ಲಿ ತರುಣನ ಮನಸ್ಸು ದೂರದ ಲಂಡನ್ನಿನತ್ತ ಎಳೆಯಿತು. ಗಾಳಿಯಲ್ಲಡಗಿದ್ದ ಅಪರೂಪದ ಅನಿಲಗಳನ್ನು ಬೆಳಕಿಗೆ ತಂದು 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಸರ್ ವಿಲಿಯಮ್ ರಾಮ್ಸೆಯವರು ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1910ರಲ್ಲಿ ಹೆಯ್ರೋವ್‌ಸ್ಕಿಯವರು ಆ ಕಾಲೇಜನ್ನು ಸೇರಿ, 1913ರಲ್ಲಿ ಬಿ.ಎಸ್‌ಸಿ. ಪದವಿಯನ್ನು ಸಂಪಾದಿಸಿದರು. ರಾಮ್ಸೆಯವರ ತರುವಾಯ ಆ ಪೀಠಕ್ಕೆ ಬಂದ ಪ್ರೊಫೆಸರ್ ಡೊನನ್ ಅವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ನಿಷ್ಣಾತರು. ಹೆಯ್ರೋವ್‌ಸ್ಕಿಯವರು ಅವರ ಸಹಾಯಕರಾಗಿ ನಿಂತರು.

ಅಲ್ಯೂಮಿನಿಯಮ್ ಕಲಿಸಿದ ಪಾಠ

ಡೊನನ್ ಅವರು ಶಿಷ್ಯನಿಗೆ ಕೊಟ್ಟ ಕೆಲಸವು ಕೇಳಲು ಸುಲಭ, ಮಾಡಲು ಕಠಿಣ. ಅಲ್ಯೂಮಿನಿಯಮ್ ಲೋಹವನ್ನು ದ್ರಾವಣದಲ್ಲಿ ನಿಲ್ಲಿಸಿದಾಗ ಅದರಲ್ಲಿ ಹುಟ್ಟುವ ವಿದ್ಯುತ್ತಿನ ಒತ್ತಡವೆಷ್ಟೆಂಬುದನ್ನು ಅಳೆಯಬೇಕಾಗಿದ್ದಿತು. ಆದರೆ ಅಲ್ಯೂಮಿನಿಯಮ್ಮಿನ ಸ್ವಭಾವ ವಿಚಿತ್ರವಾದದ್ದು. ಎಷ್ಟು ಉಜ್ಜಿ ಬೆಳಗಿದರೂ ಗಾಳಿ ತಾಗಿದ ಕ್ಷಣದಲ್ಲಿ ಅದರ ಮೇಲೆ ಆಕ್ಸೈಡಿನ ತೆಳ್ಳನೆಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ನಮ್ಮ ಮನೆಗಳ ಅಲ್ಯೂಮಿನಿಯಮ್ ಪಾತ್ರೆಗಳು ಬೇಗನೆ ಸವೆಯದೆ ಬಾಳುವುದು ಈ ಪೊರೆಯ ದೆಸೆಯಿಂದಲೇ. ಅಡಿಗೆಗೆ ಉಪಕಾರಿಯಾದ ಆ ಪೊರೆ ಅಳತೆಗೆ ಮಾತ್ರ ಅಪಕಾರಿಯಾಯಿತು. ಇಂದು ಸಿಕ್ಕಿದ ಲೆಕ್ಕ ನಾಳೆ ಸಿಕ್ಕದು. ಲೋಹವನ್ನು ಅಳೆಯಹೊರಟವರಿಗೆ ಲೋಹದ ಮೇಲಿನ ಮುಸುಕಿನ ಲೆಕ್ಕವೇ ದೊರೆಯುತ್ತಿದ್ದಿತು.

ಡೊನನ್ ಅವರು ಒಂದು ಉಪಾಯವನ್ನು ಸೂಚಿಸಿದರು. ಅಲ್ಯೂಮಿನಿಯಮ್ಮನ್ನು ಕೊಂಚವಾಗಿ ಪಾದರಸದಲ್ಲಿ ಬೆರೆಸಿ, ಅತಿ ಸೂಕ್ಷ್ಮ ರಂಧ್ರದ ಗಾಜಿನ ನಳಿಗೆಯಿಂದ ಅದು ಮೆಲ್ಲನೆ ಹೊರಬರುವಂತೆ ಮಾಡಬೇಕು. ಹೊರಬರುವ ಮೈ ಸದಾ ಹೊಸದಾಗಿರುವುದರಿಂದ ಪೊರೆ ಕಟ್ಟಲು ಅವಕಾಶವಿರದು. ಗುರುವಿನಿಂದ ದೊರೆತ ಈ ಸೂಚನೆಯು ಶಿಷ್ಯನ ಮನಸ್ಸಿನಲ್ಲಿ ಬೀಜದಂತೆ ಬಿದ್ದಿತು. ಅದು ಮೊಳೆತು ಫಲ ಕೊಡುವುದಕ್ಕೆ ಇನ್ನೂ ಎಂಟು ವರ್ಷಗಳು ಬೇಕಾದವು.

1914ರ ಬೇಸಗೆಯಲ್ಲಿ ಹೆಯ್ರೋವ್‌ಸ್ಕಿಯವರು ರಜೆಗೆಂದು ಪ್ರಾಗ್‌ಗೆ ಬಂದಿದ್ದಾಗ ಮೊದಲನೆಯ ಮಹಾಯುದ್ಧವು ಸಿಡಿಯಿತು. ಇಂಗ್ಲೆಂಡು ಈಗ ಶತ್ರುರಾಷ್ಟ್ರ. ಲಂಡನ್ನಿನ ದಾರಿ ಮುಚ್ಚಿತು. ಅರ್ಧಕ್ಕೆ ನಿಂತ ಪ್ರಯೋಗಗಳನ್ನು ಬಿಟ್ಟು ಅವರು ಸೈನ್ಯದ ಆಸ್ಪತ್ರೆಯಲ್ಲಿ ಔಷಧ ತಯಾರಿಸುವ ಕೆಲಸವನ್ನೂ ಎಕ್ಸ್-ರೇ ವಿಭಾಗದ ಕೆಲಸವನ್ನೂ ಕೈಕೊಳ್ಳಬೇಕಾಯಿತು. ಆ ದುಡಿಮೆಯ ನಡುವೆಯೇ ಅಭ್ಯಾಸವನ್ನು ಮುಂದುವರಿಸಿ 1918ರಲ್ಲಿ ಪ್ರಾಗ್‌ನಲ್ಲಿ ಡಾಕ್ಟರೇಟ್ ಪರೀಕ್ಷೆಗೆ ಕುಳಿತರು. ಅದೇ ವರ್ಷದ ಅಕ್ಟೋಬರಿನಲ್ಲಿ ಝೆಕೊಸ್ಲೊವಾಕಿಯವು ಸ್ವತಂತ್ರ ರಾಷ್ಟ್ರವಾಯಿತು.

ಪರೀಕ್ಷಕರ ಪ್ರಶ್ನೆ

ಡಾಕ್ಟರೇಟ್ ಪರೀಕ್ಷಕರಲ್ಲಿ ಒಬ್ಬರು ಭೌತಶಾಸ್ತ್ರದ ಪ್ರಾಧ್ಯಾಪಕರಾದ ಬೊಹುಮಿಲ್ ಕುಚೆರಾ. ಪಾದರಸಕ್ಕೆ ವಿದ್ಯುತ್ತಿನ ಒತ್ತಡವನ್ನು ಕೊಟ್ಟಾಗ ಅದರ ಮೇಲ್ಮೈಯ ಬಿಗಿತ ಬದಲಾಗುತ್ತದೆ. ಅದಕ್ಕನುಗುಣವಾಗಿ ನಳಿಗೆಯಿಂದ ಬೀಳುವ ಹನಿಯ ತೂಕವೂ ಹೆಚ್ಚುಕಡಿಮೆಯಾಗುತ್ತದೆ. ಕುಚೆರಾ ಅವರು ಈ ಹನಿಗಳನ್ನು ತೂಗಿ ತೂಗಿ ಲೆಕ್ಕವಿಟ್ಟಿದ್ದರು. ಹಿಂದಿನವರು ಬೇರೆ ವಿಧಾನದಿಂದ ಪಡೆದ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ಕೆಲವೆಡೆ ತಾಳೆಯಾಗುತ್ತಿರಲಿಲ್ಲ. ಈ ವೈಷಮ್ಯಕ್ಕೆ ಕಾರಣವೇನೆಂಬ ವಿಷಯವನ್ನು ಅವರು ತರುಣ ಅಭ್ಯರ್ಥಿಯ ಮುಂದಿಟ್ಟರು. ಪರೀಕ್ಷೆ ಮುಗಿದ ಮೇಲೆಯೂ ಆ ಪ್ರಶ್ನೆ ಹೆಯ್ರೋವ್‌ಸ್ಕಿಯವರನ್ನು ಬಿಡಲಿಲ್ಲ.

ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಬ್ರೌನರ್ ಅವರ ಸಹಾಯಕರಾಗಿದ್ದುಕೊಂಡು ಅವರೂ ಹನಿಗಳನ್ನು ತೂಗತೊಡಗಿದರು. ಅದೆಂತಹ ಬೇಸರದ ಕೆಲಸವೆಂಬುದನ್ನು ಊಹಿಸಬಹುದು. ವಿದ್ಯುತ್ತಿನ ಒತ್ತಡವನ್ನು ಒಂದಿಷ್ಟು ಏರಿಸಬೇಕು. ಬೀಳುವ ಹನಿಗಳನ್ನು ಎಣಿಸಿ ಹಿಡಿಯಬೇಕು. ತೊಳೆದು ಒಣಗಿಸಿ ತೂಗಬೇಕು. ಬರೆದಿಟ್ಟು ಮತ್ತೊಂದಿಷ್ಟು ಏರಿಸಬೇಕು. ಹೀಗೆ ತಿಂಗಳುಗಳು ಉರುಳಿದವು, ವರ್ಷಗಳೂ ಉರುಳಿದವು. ಪ್ರಶ್ನೆಯನ್ನು ಕೇಳಿದ ಕುಚೆರಾ ಅವರು ಉತ್ತರವನ್ನು ಕಾಣದೆ 1921ರಲ್ಲಿ ತೀರಿಕೊಂಡರು. ಇನ್ನೊಬ್ಬರಾಗಿದ್ದರೆ ಆ ಕೆಲಸವನ್ನು ಅಲ್ಲಿಗೇ ಕೈಬಿಡುತ್ತಿದ್ದರೇನೋ. ಹೆಯ್ರೋವ್‌ಸ್ಕಿಯವರು ಕೈಬಿಡಲಿಲ್ಲ, ಆದರೆ ತಕ್ಕಡಿಯನ್ನು ಬದಿಗಿಟ್ಟರು. ಹನಿಯನ್ನು ತೂಗುವುದಕ್ಕೆ ಬದಲಾಗಿ ಹನಿಯ ಮೂಲಕ ಹರಿಯುವ ವಿದ್ಯುತ್ಪ್ರವಾಹವನ್ನೇ ಅಳೆದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆಯಿತು.

1922ರ ಫೆಬ್ರುವರಿ 10

ಆ ದಿನ ಅವರು ಒಂದು ಪಾತ್ರೆಯಲ್ಲಿ ಕಾಸ್ಟಿಕ್ ಸೋಡದ ದ್ರಾವಣವನ್ನು ತೆಗೆದುಕೊಂಡರು. ತಳದಲ್ಲಿ ಪಾದರಸದ ಒಂದು ಮಡು. ಮೇಲಿನಿಂದ ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ನಳಿಗೆಯ ಮೂಲಕ ಕೆಲವು ಸೆಕೆಂಡುಗಳಿಗೊಂದರಂತೆ ಬೀಳುವ ಪಾದರಸದ ಹನಿ. ಎರಡರ ನಡುವೆ ವಿದ್ಯುತ್ತಿನ ಒತ್ತಡವನ್ನು ಹಂತಹಂತವಾಗಿ ಏರಿಸುತ್ತ, ಸೂಕ್ಷ್ಮವಾದ ಗ್ಯಾಲ್ವನೋಮೀಟರಿನಲ್ಲಿ ಪ್ರವಾಹವನ್ನು ನೋಡಿ ಬರೆದುಕೊಂಡರು. ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿದಾಗ ಮೆಟ್ಟಲು ಮೆಟ್ಟಲಾಗಿ ಏರುವ ರೇಖೆಯೊಂದು ಮೂಡಿತು. ಮತ್ತೆ ಅಳೆದರೂ ಅದೇ ರೇಖೆ. ಎಷ್ಟೋ ವರ್ಷಗಳಿಂದ ಹಿಡಿತಕ್ಕೆ ಸಿಕ್ಕದಿದ್ದ ಸ್ಥಿರತೆ ಅಲ್ಲಿ ಸಿಕ್ಕಿದ್ದಿತು.

ಈ ಮೆಟ್ಟಲುಗಳ ಅರ್ಥವೇನು? ದ್ರಾವಣದಲ್ಲಿ ಕರಗಿರುವ ಒಂದೊಂದು ಲೋಹವೂ ತನಗೆ ನಿಯಮಿತವಾದ ಒತ್ತಡ ಬಂದಾಗ ಮಾತ್ರ ಹನಿಯಿಂದ ವಿದ್ಯುತ್ಕಣಗಳನ್ನು ಸ್ವೀಕರಿಸುತ್ತದೆ. ಸಾಧಾರಣ ಉಪ್ಪಿನ ದ್ರಾವಣದಲ್ಲಿ ಸೀಸವು ಸುಮಾರು 0.4 ವೋಲ್ಟಿನಲ್ಲಿ, ಕ್ಯಾಡ್ಮಿಯಮ್ ಸುಮಾರು 0.6ರಲ್ಲಿ, ಸತುವು ಸುಮಾರು 1.0ರಲ್ಲಿ ಋಣದಿಕ್ಕಿನಲ್ಲಿ ತಮ್ಮ ಮೆಟ್ಟಲನ್ನು ತೋರಿಸುತ್ತವೆ. ಮೆಟ್ಟಲು ಎಲ್ಲಿದೆಯೆಂಬುದರಿಂದ ಪದಾರ್ಥ ಯಾವುದೆಂದು ತಿಳಿಯುತ್ತದೆ. ಮೆಟ್ಟಲು ಎಷ್ಟು ಎತ್ತರವೆಂಬುದರಿಂದ ಅದು ಎಷ್ಟಿದೆಯೆಂದು ತಿಳಿಯುತ್ತದೆ. ಒಂದೇ ರೇಖೆಯಲ್ಲಿ ಹೆಸರೂ ಲೆಕ್ಕವೂ ಕೂಡಿ ಬರುವಂತಾಯಿತು. ಲೀಟರಿಗೆ ಕೆಲವೇ ಮಿಲಿಗ್ರಾಮಿನಷ್ಟು ಲೋಹವಿದ್ದರೂ ಅದು ಅಡಗಿರಲಾರದೆ ಹೋಯಿತು.

ಈ ಗೆಲುವಿನ ಗುಟ್ಟೆಲ್ಲ ಹನಿಯಲ್ಲಿದ್ದಿತು. ಗಟ್ಟಿ ಲೋಹದ ತುದಿಯ ಮೇಲೆ ಹಿಂದಿನ ಪ್ರಯೋಗದ ಶೇಷವು ಉಳಿದು ಮುಂದಿನ ಪ್ರಯೋಗವನ್ನು ಕೆಡಿಸುತ್ತದೆ. ಪಾದರಸದ ಹನಿಯಾದರೋ ಹುಟ್ಟಿ, ಬೆಳೆದು, ತನ್ನ ಮೇಲೆ ಅಂಟಿದುದನ್ನೆಲ್ಲ ಹೊತ್ತುಕೊಂಡು ತಳಕ್ಕೆ ಬೀಳುತ್ತದೆ. ಅದರ ಸ್ಥಾನದಲ್ಲಿ ನಿಷ್ಕಲ್ಮಷವಾದ ಇನ್ನೊಂದು ಹನಿ ತಲೆಯೆತ್ತುತ್ತದೆ. ಯಾರೂ ಒರೆಸಬೇಕಾಗಿಲ್ಲ, ಉಜ್ಜಬೇಕಾಗಿಲ್ಲ. ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುವ ವಿದ್ಯುದ್ವಾರವೆಂದರೆ ಇದೇ. ಬೀಳುವ ಹನಿಯನ್ನು ಪ್ರಯೋಗಕ್ಕೆ ತಂದ ಕೀರ್ತಿಯಲ್ಲಿ ಕುಚೆರಾ ಅವರಿಗೂ ಪಾಲುಂಟು. ಆದರೆ ಆ ಹನಿಯಿಂದ ದ್ರಾವಣದ ಒಳಗುಟ್ಟನ್ನು ಓದಬಹುದೆಂದು ಕಂಡವರು ಹೆಯ್ರೋವ್‌ಸ್ಕಿಯವರು.

ಯಂತ್ರವೇ ಬರೆದ ರೇಖೆ

ಬಿಂದು ಬಿಂದುವಾಗಿ ಕೈಯಿಂದ ಬರೆಯುವ ಶ್ರಮವನ್ನು ತಪ್ಪಿಸಲು ಜಪಾನಿನಿಂದ ಬಂದಿದ್ದ ಮಸುಜೋ ಶಿಕಾಟಾ ಎಂಬ ವಿಜ್ಞಾನಿಯೊಡನೆ ಸೇರಿ ಅವರು 1924ರಲ್ಲಿ ಒಂದು ಯಂತ್ರವನ್ನು ರಚಿಸಿದರು. ತಿರುಗುವ ಉರುಳೆಯೊಂದು ಒತ್ತಡವನ್ನು ತಾನಾಗಿ ಏರಿಸುತ್ತದೆ. ಗ್ಯಾಲ್ವನೋಮೀಟರಿನ ಕನ್ನಡಿಯಿಂದ ಚಿಮ್ಮುವ ಬೆಳಕು ಫೋಟೋ ಕಾಗದದ ಮೇಲೆ ರೇಖೆಯನ್ನು ಬರೆಯುತ್ತದೆ. ಅದಕ್ಕೆ ಪೋಲರೋಗ್ರಾಫ್ ಎಂದು ಹೆಸರಿಟ್ಟರು. ರಾಸಾಯನಿಕ ಪರೀಕ್ಷೆಯನ್ನು ತಾನೇ ನಡೆಸಿ ಫಲವನ್ನು ತಾನೇ ದಾಖಲಿಸುವ ಮೊದಮೊದಲಿನ ಯಂತ್ರಗಳಲ್ಲಿ ಇದೂ ಒಂದು. ಇಂದು ನದಿಯ ದಡದಲ್ಲಿ ಮನುಷ್ಯನ ಕೈ ಸೋಕದೆ ಲೆಕ್ಕ ಬರೆಯುವ ಉಪಕರಣಗಳಿಗೆ ಇದನ್ನು ಪೂರ್ವಜನೆಂದು ಕರೆಯಲು ಅಡ್ಡಿಯಿಲ್ಲ.

1926ರಲ್ಲಿ ಹೆಯ್ರೋವ್‌ಸ್ಕಿಯವರು ತಮ್ಮ ವಿಶ್ವವಿದ್ಯಾನಿಲಯದಲ್ಲಿ ಭೌತಿಕ ರಸಾಯನಶಾಸ್ತ್ರದ ಪ್ರಪ್ರಥಮ ಪ್ರಾಧ್ಯಾಪಕರಾದರು. ಅದೇ ವರ್ಷ ಅವರ ವಿವಾಹವೂ ನೆರವೇರಿತು. ಓರ್ವ ಮಗಳು, ಓರ್ವ ಮಗ ಜನಿಸಿದರು. ಮಗನು ಮುಂದೆ ತಂದೆಯ ಕ್ಷೇತ್ರವನ್ನೇ ಆರಿಸಿಕೊಂಡರು. ತಮ್ಮ ನಾಡಿನ ಸಂಶೋಧನೆಗಳು ಹೊರದೇಶದವರಿಗೆ ತಲುಪಬೇಕೆಂಬ ಉದ್ದೇಶದಿಂದ 1929ರಲ್ಲಿ ಪ್ರೊಫೆಸರ್ ವೊಟೊಚೆಕ್ ಅವರೊಡಗೂಡಿ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಒಂದು ರಸಾಯನ ಪತ್ರಿಕೆಯನ್ನು ಸ್ಥಾಪಿಸಿದರು. 1934ರಲ್ಲಿ ಅವರ ಶಿಷ್ಯ ದಿಯೋನಿಜ್ ಇಲ್ಕೋವಿಚ್ ಅವರು ಹನಿಯ ಪ್ರವಾಹಕ್ಕೂ ಕರಗಿದ ಪದಾರ್ಥದ ಪ್ರಮಾಣಕ್ಕೂ ಇರುವ ಸಂಬಂಧವನ್ನು ಗಣಿತದ ಸೂತ್ರದಲ್ಲಿ ಬಂಧಿಸಿದರು. ಪೋಲರೋಗ್ರಫಿಗೆ ಅದು ಭದ್ರವಾದ ಅಸ್ತಿವಾರವಾಯಿತು. ಗುರುಗಳು 1933ರಲ್ಲಿ ಅಮೆರಿಕದಲ್ಲಿಯೂ 1934ರಲ್ಲಿ ಸೋವಿಯತ್ ರಷ್ಯದಲ್ಲಿಯೂ ಉಪನ್ಯಾಸಗಳನ್ನಿತ್ತು ಹೊಸ ವಿದ್ಯೆಯನ್ನು ಹರಡಿದರು.

ಯುದ್ಧದ ಕತ್ತಲು

1939ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯವು ಪ್ರಾಗ್ ನಗರವನ್ನು ಆಕ್ರಮಿಸಿತು. ಅದೇ ವರ್ಷದ ನವೆಂಬರ್ 17ರಂದು ಚೆಕ್ ಭಾಷೆಯ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಲಾಯಿತು. ವಿದ್ಯಾರ್ಥಿ ಚಳವಳಿಯ ಒಂಬತ್ತು ಮಂದಿಯನ್ನು ಕೊಲ್ಲಲಾಯಿತು. ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳನ್ನು ಬಂದಿಶಿಬಿರಕ್ಕೆ ಸಾಗಿಸಲಾಯಿತು. ಹದಿನೇಳು ವರ್ಷಗಳಿಂದ ಕಟ್ಟಿದ ಪ್ರಯೋಗಶಾಲೆಯು ಹೆಯ್ರೋವ್‌ಸ್ಕಿಯವರ ಕೈತಪ್ಪುವ ಗಳಿಗೆಯಾಗಿದ್ದಿತು ಅದು. ಆಗ ಅವರ ನೆರವಿಗೆ ಬಂದವರು ಒಬ್ಬ ಜರ್ಮನ್ ಪ್ರಾಧ್ಯಾಪಕರು. ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾನಿಲಯದಲ್ಲಿದ್ದ ಪ್ರೊಫೆಸರ್ ಬ್ಯೋಮ್ ಅವರು ನಾತ್ಸಿಗಳ ವಿರೋಧಿ. ಹೆಯ್ರೋವ್‌ಸ್ಕಿಯವರು ಪ್ರಯೋಗಶಾಲೆಯಲ್ಲಿ ಕೆಲಸವನ್ನು ಮುಂದುವರಿಸುವುದಕ್ಕೆ ಅವರು ಆಸರೆಯಾಗಿ ನಿಂತರು. ಜನಾಂಗದ ಹೆಸರಿನಲ್ಲಿ ಲೋಕವೇ ಎರಡಾಗಿದ್ದ ದಿನಗಳಲ್ಲಿ ಇಬ್ಬರು ವಿದ್ವಾಂಸರ ನಡುವಿನ ಈ ಸೌಜನ್ಯವು ಸ್ಮರಣೀಯವಾದದ್ದು. 1941ರಲ್ಲಿ ಪೋಲರೋಗ್ರಫಿಯನ್ನು ಕುರಿತ ಅವರ ಗ್ರಂಥವು ಜರ್ಮನ್ ಭಾಷೆಯಲ್ಲಿ ಹೊರಬಂದಿತು.

ತಡವಾಗಿ ಬಂದ ಮನ್ನಣೆ

ಯುದ್ಧಾನಂತರ 1950ರಲ್ಲಿ ಪ್ರಾಗ್‌ನಲ್ಲಿ ಪೋಲರೋಗ್ರಫಿಗಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿ ಅವರನ್ನು ನಿರ್ದೇಶಕರನ್ನಾಗಿ ನಿಯಮಿಸಲಾಯಿತು. ಅಷ್ಟರಲ್ಲಿ ಗಣಿಗಳಲ್ಲಿ, ಕಬ್ಬಿಣದ ಕಾರ್ಖಾನೆಗಳಲ್ಲಿ, ಔಷಧಾಲಯಗಳಲ್ಲಿ, ನೀರಿನ ಪರೀಕ್ಷಾಲಯಗಳಲ್ಲಿ ಪಾದರಸದ ಹನಿ ಬೀಳತೊಡಗಿದ್ದಿತು. ದೇಶವಿದೇಶಗಳ ವಿದ್ವತ್ಸಭೆಗಳು ಅವರನ್ನು ಗೌರವಿಸಿದವು. ಕನ್ನಡಿಗರಿಗೆ ಹೆಮ್ಮೆಯ ವಿಷಯವೇನೆಂದರೆ, ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯು 1955ರಲ್ಲಿಯೇ ಅವರನ್ನು ಗೌರವ ಸದಸ್ಯರನ್ನಾಗಿ ಆರಿಸಿಕೊಂಡಿದ್ದಿತು. ನೊಬೆಲ್ ಪಾರಿತೋಷಕವು ಅವರನ್ನು ಅರಸಿಕೊಂಡು ಬಂದುದು ಅದಕ್ಕೂ ನಾಲ್ಕು ವರ್ಷಗಳ ತರುವಾಯ.

1959ರ ಡಿಸೆಂಬರ್ 10ರಂದು ಸ್ಟಾಕ್‌ಹೋಮ್ ನಗರದಲ್ಲಿ ಸ್ವೀಡನ್ನಿನ ದೊರೆಯ ಕೈಯಿಂದ ಅವರು ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದರು. ಮೊದಲ ರೇಖೆ ಮೂಡಿ ಆಗ 37 ವರ್ಷಗಳು ಕಳೆದಿದ್ದವು. 69 ವರ್ಷ ತುಂಬಲು ಹತ್ತೇ ದಿನಗಳು ಉಳಿದಿದ್ದವು. ಅವರು 1967ರ ಮಾರ್ಚ್ 27ರಂದು ಪ್ರಾಗ್‌ನಲ್ಲಿ ನಿಧನರಾದರು.

ಹನಿ ಹೋಯಿತು, ತತ್ತ್ವ ಉಳಿಯಿತು

ಒಂದೇ ವಿದ್ಯೆಗೆ ಬಾಳನ್ನೆಲ್ಲ ಒಪ್ಪಿಸಿದವರಿಗೆ ಒಂದು ಅಪಾಯ ಕಾದಿರುತ್ತದೆ. ಕಾಲವು ಆ ವಿದ್ಯೆಯನ್ನೇ ದಾಟಿ ಮುಂದೆ ಹೋಗಬಹುದು. ಹೆಯ್ರೋವ್‌ಸ್ಕಿಯವರ ಪಾದರಸಕ್ಕೂ ಹಾಗೆಯೇ ಆಯಿತು. ಪಾದರಸವು ಘೋರವಾದ ವಿಷ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸವು ಮೀನುಗಳ ಮೂಲಕ ಸಾವಿರಾರು ಜನರ ಮೈ ಸೇರಿ ನರಗಳನ್ನು ಹಾಳುಗೆಡವಿದ ದುರಂತವು 1956ರಲ್ಲಿ ಬೆಳಕಿಗೆ ಬಂದಿತು. ಆ ಊರಿನ ಹೆಸರನ್ನೇ ಹೊತ್ತು ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವು 2013ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದಿತು. ನೀರಿನ ವಿಷವನ್ನು ಹುಡುಕಲು ನೀರಿಗೆ ವಿಷದ ಹನಿಯನ್ನೇ ಬಿಡುವುದು ಸಲ್ಲದು. ಅಲ್ಲದೆ ಹೊಳೆಯ ಸೆಳವಿನಲ್ಲಿ, ದೋಣಿಯ ಕುಲುಕಾಟದಲ್ಲಿ ಆ ನಾಜೂಕಾದ ಹನಿ ನಿಲ್ಲಲೂ ಆರದು.

ಆದರೆ ಹನಿ ಕಲಿಸಿದ ಪಾಠವನ್ನು ಯಾರೂ ಬಿಡಲಿಲ್ಲ. 1956ರಲ್ಲಿ ಅಮೆರಿಕದ ಲೇಲೆಂಡ್ ಕ್ಲಾರ್ಕ್ ಎಂಬುವರು ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರದ ಮೇಲೆ ಪ್ಲಾಸ್ಟಿಕ್ಕಿನ ತೆಳ್ಳನೆಯ ಪೊರೆಯನ್ನು ಹೊದಿಸಿ, ಆಮ್ಲಜನಕ ಮಾತ್ರ ಒಳನುಸುಳಿ ಕೊಳೆ ಹೊರಗುಳಿಯುವಂತೆ ಮಾಡಿದರು. ಇಂದು ನದಿಯಲ್ಲಿಡುವ ಉಪಕರಣಗಳಲ್ಲಿ ಕೆಲವಕ್ಕೆ ತುದಿಯನ್ನು ಆಗಾಗ ಒರೆಸುವ ಪುಟ್ಟ ಕುಂಚವಿರುತ್ತದೆ. ಸಮುದ್ರದಲ್ಲಿಡುವ ಕೆಲವು ಉಪಕರಣಗಳು ಉಪ್ಪುನೀರಿನಿಂದಲೇ ಕೊಂಚ ಕ್ಲೋರಿನ್ ಅನಿಲವನ್ನು ಹುಟ್ಟಿಸಿಕೊಂಡು ಪಾಚಿಯನ್ನು ದೂರವಿಡುತ್ತವೆ. ಬೋರಾನ್ ಬೆರೆಸಿದ ಕೃತಕ ವಜ್ರದ ತುದಿಗೆ ಕ್ಷಣಕಾಲ ಬಲವಾದ ವಿದ್ಯುತ್ತನ್ನು ಕೊಟ್ಟು, ಅಂಟಿದ ಕೊಳೆಯನ್ನು ಅಲ್ಲಿಯೇ ಸುಟ್ಟುಹಾಕುವ ವಿಧಾನವೂ ಬಂದಿದೆ. ಸಿಹಿಮೂತ್ರ ರೋಗಿಗಳು ರಕ್ತದ ಸಕ್ಕರೆಯನ್ನು ನೋಡಿಕೊಳ್ಳುವ ಪಟ್ಟಿಯನ್ನೇ ನೋಡಿರಿ: ಒಂದು ತೊಟ್ಟು ರಕ್ತಕ್ಕೆ ಒಂದು ಹೊಸ ಪಟ್ಟಿ, ಅಳತೆಯಾದೊಡನೆ ಅದನ್ನು ಬಿಸುಡುತ್ತಾರೆ. ಪ್ರತಿ ಅಳತೆಗೂ ಹೊಸ ಮೈ ಎಂಬ ನಿಯಮವನ್ನು ಅದೂ ಪಾಲಿಸುತ್ತದೆ.

ಪ್ರಾಗ್‌ನ ಭೌತಿಕ ರಸಾಯನಶಾಸ್ತ್ರದ ಸಂಸ್ಥೆಯು ಇಂದಿಗೂ ಹೆಯ್ರೋವ್‌ಸ್ಕಿಯವರ ಹೆಸರಿನಿಂದಲೇ ನಡೆಯುತ್ತಿದೆ. ಅವರ ಸಮಾಧಿಯು ವಲ್ಟಾವಾ ನದಿಯ ದಂಡೆಯ ಬಂಡೆಗುಡ್ಡವಾದ ವಿಶೆಹ್ರಾಡ್‌ನಲ್ಲಿ, ಆ ನಾಡಿನ ಕವಿಗಳ, ಸಂಗೀತಗಾರರ ಸಮಾಧಿಗಳ ನಡುವೆ ಇದೆ. ದುಡಿಯುವವನ ಕೈಯ ಉಪಕರಣ ಒಂದಲ್ಲ ಒಂದು ದಿನ ಹಳತಾಗುವುದು. ಹೊಸತು ಬಂದು ಅದರ ಸ್ಥಳವನ್ನು ಆಕ್ರಮಿಸುವುದು. ಅದರಿಂದ ದುಡಿಮೆಯು ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ಹನಿಯ ನಂತರ ಹನಿಯನ್ನು ಬೇಸರಿಸದೆ ನೋಡುತ್ತ ಕುಳಿತ ಒಬ್ಬರ ತಾಳ್ಮೆಯಿಂದ ಹುಟ್ಟಿದ ನಿಯಮವು, ಅವರ ಹೆಸರನ್ನೇ ಕೇಳದ ಊರುಗಳ ನೀರನ್ನು ಈಗಲೂ ಕಾಯುತ್ತಿದೆ.